ಮೂವತ್ತೊಂದನೆಯ ನಂಬರಿನ ಕಾರು

ಎರಡನೆಯ ಟ್ರೇಲರಿನಿಂದಲೂ ಅದೇ ನೀಲಿ ಕಾರು, ಅದೇ ಮೂವತ್ತೊಂದನೆಯ ನಂಬರು ಇಳಿಯತೊಡಗಿದಾಗ ಆರ್ಡಿಸ್ ಚರ್ಚಿನ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಗಂಡ ಆರ್ವಿಲ್‌ನ ಪೆಟ್ಟಿಗೆಯನ್ನು ಆಗಲೇ ಹೆಣದ ಗಾಡಿಗೆ ಏರಿಸಿಯಾಗಿತ್ತು. ಇನ್ನು ಸ್ಮಶಾನಕ್ಕೆ ಹೊರಡಬೇಕು.

"ಅಮ್ಮಾ, ಇಬ್ಬರನ್ನೂ ನೀನೇ ಕರೆಸಿದ್ಯಾ?" ಮಗಳು ಗೇಲ್ ಪಿಸುಗುಟ್ಟಿದಳು.

"ನಾನ್ಯಾಕೆ ಕರೆಸ್ಲಿ? ಪೇಪರಲ್ಲಿ ಸಾವಿನ ಸುದ್ದಿ ನೋಡ್ಕೊಂಡು ಬಂದಿದಾರೆ."

ಆರ್ವಿಲ್, ಹೆರನ್ ಎಂಬ ಕಾರ್ ರೇಸಿಂಗ್ ತಂಡದಲ್ಲಿ ಲೋಹ ಬೆಸೆಯುವ ವೆಲ್ಡರಾಗಿದ್ದ. ವಿಸ್ಕಾನ್ಸಿನ್ನಿನ ಒಂದು ಗ್ಯಾರೇಜಿನಲ್ಲಿ ಹುಟ್ಟಿದ ಆ ತಂಡ, ದೊಡ್ಡ ಕಂಪನಿಗಳ ಕಾರುಗಳನ್ನು ಹಿಂದೆ ಹಾಕಿ ಒಂದೇ ಒಂದು ದೊಡ್ಡ ರೇಸು ಗೆದ್ದು, ಮರುವರ್ಷ ಬಾಗಿಲು ಹಾಕಿತ್ತು. ಗೆದ್ದದ್ದು ಮೂವತ್ತೊಂದನೆಯ ನಂಬರು. ಅದು ತನ್ನ ಹತ್ತಿರ ಇದೆ ಎಂದು ಹಲ್ಲಿನ ಡಾಕ್ಟರ್ ಹೋಲ್ಮನೂ ಟ್ರ್ಯಾಕ್ಟರ್ ಮಾರುವ ಬಾಯರನೂ ವರ್ಷಗಟ್ಟಲೆ ಕಿತ್ತಾಡುತ್ತಿದ್ದರು.

"ಹೆಣದ ಗಾಡಿ ಮುಂದೆ ಅಸಲಿ ಕಾರು ಹೋಗ್ಬೇಕು. ಅಂದ್ರೆ ನಂದು," ಎಂದ ಹೋಲ್ಮ್.

"ಡಾಕ್ಟ್ರೇ, ನಿಮ್ದು ಕಟ್ಟಿಸಿದ ಹಲ್ಲು. ಹೊಳೆಯುತ್ತೆ, ಅಷ್ಟೇ," ಎಂದ ಬಾಯರ್. ನಾಲ್ಕು ಜನ ನಕ್ಕರು.

"ಆರ್ಡಿಸ್, ಯಾವುದು ಅಸಲಿ ಅಂತ ನೀವೇ ಹೇಳಿಬಿಡಿ," ಎಂದು ಹೋಲ್ಮ್ ಅವಳತ್ತ ತಿರುಗಿದ. "ಆರ್ವಿಲ್‌ನ ಕೇಳಿದಾಗೆಲ್ಲ 'ಮಳೆ ಬರುತ್ತೇನೋ' ಅಂತ ಮಾತು ತಿರುಗಿಸ್ತಿದ್ದ."

*

ಗೆದ್ದ ಕಾರು ಮರುವರ್ಷದ ರೇಸಿನಲ್ಲಿ ಗೋಡೆಗೆ ಬಡಿದು ತಂಡ ಮುಳುಗಿದ ಚಳಿಗಾಲ ಅದು. ತಂಡದ ಯಜಮಾನ ಕ್ಲೆಟ್ ಮುರಿದ ಕಾರನ್ನು ಇವರ ಶೆಡ್ಡಿಗೆ ತಂದು ಹಾಕಿ, "ಒಂದರಲ್ಲಿ ಎರಡು ಮಾಡು ಆರ್ವಿಲ್. ಎರಡನ್ನೂ ಅಸಲಿ ಅಂತ ಮಾರಿ ಹುಡುಗರ ಸಂಬಳ ಕೊಡ್ಬೇಕು," ಎಂದಿದ್ದ.

ಆರ್ವಿಲ್ ಕೆಲವು ದಿನ ಅದರ ಸುತ್ತ ಸುಳಿದಾಡಿ, ಕೊನೆಗೆ ಗರಗಸ ಹಿಡಿದ. ಸೀಟಿನ ಹಿಂದಕ್ಕೆ ಸರಿಯಾಗಿ ಕೊಯ್ದ. ದೀಪ ಹಿಡಿದವಳು ಆರ್ಡಿಸ್. ಹಳೆಯ ಮುಂಭಾಗಕ್ಕೆ ಹೊಸ ಹಿಂಭಾಗ, ಹಳೆಯ ಹಿಂಭಾಗಕ್ಕೆ ಹೊಸ ಮುಂಭಾಗ ಬೆಸೆದ.

"ಇದು ಸುಳ್ಳು ಅಂತೀಯಾ?" ಎಂದು ಆರ್ವಿಲ್ ಕೇಳಿದ್ದ.

"ಅರ್ಧ ಸುಳ್ಳು," ಎಂದಿದ್ದಳು.

ಯಾವುದು ಯಾರ ಕೈ ಸೇರಿತೆಂದು ಇಬ್ಬರಿಗೂ ಗೊತ್ತಿತ್ತು; ಮುಂದೆಂದೂ ಆ ಮಾತು ಬರಲಿಲ್ಲ. ಆದರೆ ಅಂಗಳಕ್ಕೆ ಗುರುತಿಲ್ಲದ ಗಾಡಿ ಬಂದರೆ ಆರ್ವಿಲ್ ಹಿತ್ತಲ ಬಾಗಿಲಿಂದ ಜಾರಿಕೊಳ್ಳುತ್ತಿದ್ದ.

*

ನಿಜ ಹೇಳಿದರೆ ಮಣ್ಣು ಮಾಡುವ ದಿನವೇ ಗಂಡನಿಗೆ ಮೋಸಗಾರನೆಂಬ ಹೆಸರು. ಒಬ್ಬನ ಕಡೆ ಬೆರಳು ತೋರಿಸಿದರೆ ಅರ್ಧ ಇದ್ದ ಸುಳ್ಳನ್ನು ಅವಳೇ ಪೂರ್ತಿ ಮಾಡಿದ ಹಾಗೆ.

"ಬಾಯರ್, ನಿಮ್ಮ ಕಾರಲ್ಲಿ ಸೀಟಿನ ತನಕ ಮುಂದಿನದು ಅಸಲಿ. ಡಾಕ್ಟ್ರೇ, ನಿಮ್ಮದ್ರಲ್ಲಿ ಹಿಂದಿನದು. ಮಿಕ್ಕಿದ್ದು ಆರ್ವಿಲ್ ಮಾಡಿದ್ದು. ಬೈಯೋದಿದ್ರೆ ನನ್ನ ಬೈರಿ, ಅವನಿಗೆ ಕೇಳ್ಸಲ್ಲ."

"ಅಮ್ಮಾ!" ಎಂದಳು ಗೇಲ್.

"ಇಷ್ಟು ವರ್ಷ ನನ್ನ ಮಂಗ ಮಾಡಿದ್ನಾ?" ಎನ್ನುತ್ತ ಹೋಲ್ಮ್ ಕಾರನ್ನು ಮತ್ತೆ ಟ್ರೇಲರಿಗೆ ಏರಿಸಲು ಹೊರಟ.

ಬಾಯರ್ ಸೂಟು ಹಾಕಿಕೊಂಡೇ ನೆಲದ ಮೇಲೆ ಮಲಗಿ, ಕಾರಿನ ಅಡಿಗೆ ಕೈ ತೂರಿಸಿ ತಡಕಾಡಿದ.

"ಎಲ್ಲಿ ಬೆಸೆದಿದಾನೆ ಮಾರಾಯ? ಕೈಗೇ ಸಿಗ್ತಿಲ್ಲ."

ಹೋಲ್ಮ್ ಟ್ರೇಲರು ಬಿಟ್ಟು ಬಂದ. ಆಮೇಲೆ ತಾನೂ ಮಂಡಿಯೂರಿ ತನ್ನ ಕಾರಿನ ಕೆಳಗೆ ಕೈ ಹಾಕಿದ. ಸೀಟಿನ ಹಿಂದೆ ಇಂಚಿಂಚೂ ಸವರಿ ನೋಡಿದ.

"ನಂದ್ರಲ್ಲೂ ಸಿಗ್ತಿಲ್ಲ," ಎಂದ.

ಹೆಣದ ಗಾಡಿಯ ಡ್ರೈವರ್ ಗಡಿಯಾರ ನೋಡಿಕೊಂಡ. "ಈಗ ಮುಂದೆ ಯಾರು ಹೋಗ್ತೀರಪ್ಪಾ?"

"ಮುಂದಿನದು ಮುಂದೆ, ಹಿಂದಿನದು ಹಿಂದೆ," ಎಂದು ಆರ್ಡಿಸ್ ಅವನ ಪಕ್ಕ ಹತ್ತಿ ಕೂತಳು.

ಬಾಯರನ ಕಾರು ಗುಡುಗುತ್ತ ಹೊರಟಿತು. ಅದರ ಹಿಂದೆ ಆರ್ವಿಲ್. ಆರ್ವಿಲ್‌ನ ಹಿಂದೆ, ತುಸು ತಡವಾಗಿ, ಡಾಕ್ಟರನ ಕಾರು. ಜೋಳದ ಹೊಲದ ತಿರುವಿನಲ್ಲಿ ಮೂರೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು, ಒಂದೇ ಉದ್ದನೆಯ ಕಾರಿನ ಹಾಗೆ, ನಿಧಾನವಾಗಿ ತಿರುಗಿದವು.