ಮಂಗಳದ ಉಪ್ಪು

ಅಮೆರಿಕದ ಅಲ್ಬುಕರ್ಕಿ ಊರಿನ ಈ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ನಾನು ಮೂವತ್ತೊಂದು ವರ್ಷದಿಂದ ಕಲ್ಲು ಕೊಯ್ಯುತ್ತಿದ್ದೇನೆ. ಕೊಯ್ದು, ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಮೇಲಿನ ಮಹಡಿಯವರಿಗೆ ಕೊಡುವುದು ನನ್ನ ಕೆಲಸ. ಅವರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಬಂಧ ಬರೆಯುತ್ತಾರೆ. ಈ ರಮೋನಾ ಬಾಕಾಳ ಕೈ ಒಂದು ಕಲ್ಲನ್ನೂ ಕೆಡಿಸಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರಿಗಿಂತ ಹೆಚ್ಚು ನಾನೇ ಹೇಳಿಕೊಂಡಿದ್ದೇನೆ.

ಮೇಲಿನ ಮಹಡಿಗೆ ಮಾರೆನ್ ಸಂಶೋಧನೆಗೆಂದು ಬಂದು ಮೂರು ವರ್ಷವಾಗಿತ್ತು. ಮಿನ್ನೆಸೋಟದ ಹುಡುಗಿ, ಮೂಗಿನ ತುದಿಯಲ್ಲೇ ಕೋಪ. ಉಲ್ಕೆಯಾಗಿ ಬಿದ್ದು ಸಹಾರಾದಲ್ಲಿ ಸಿಕ್ಕ ಮಂಗಳಗ್ರಹದ ಕಲ್ಲೊಂದರ ಮೇಲೆ ಅವಳ ಕೆಲಸ. ಅಲ್ಲಿನ ಜ್ವಾಲಾಮುಖಿ ಉಗುಳಿದ ಕಪ್ಪು ಕಲ್ಲು ಅದು. ಅದರ ಒಂದು ಚೂರಿನ ಬಿರುಕಿನಲ್ಲಿ ಅವಳಿಗೆ ಉಪ್ಪು ಕಂಡಿತ್ತು. ಮಂಗಳದ ನೆಲದಡಿ ಒಂದು ಕಾಲಕ್ಕೆ ಹರಿದ ನೀರು ಬಿರುಕಿಗಿಳಿದು, ಆರಿ, ಬಿಟ್ಟುಹೋದ ಉಪ್ಪು ಇದು ಎಂದು ಅವಳ ವಾದ.

ಅವಳ ಮೇಲಧಿಕಾರಿ ಪ್ರೊಫೆಸರ್ ವಿಟ್ಕಮ್ ಒಪ್ಪಲಿಲ್ಲ. "ಸಹಾರಾದಲ್ಲಿ ನೂರಾರು ವರ್ಷ ಬಿದ್ದಿದ್ದ ಕಲ್ಲಮ್ಮ ಅದು. ಅಲ್ಲೀದೇ ಉಪ್ಪು ಹತ್ತಿರತ್ತೆ. ಕಲ್ಲಿನ ನಟ್ಟನಡುವೆ, ಗಾಳಿ ಸೋಕದ ಕಡೆ ತೋರ್ಸು, ನಂಬ್ತೀನಿ," ಅಂದರು. ಅಂಥ ತುಂಡು ಉಳಿದಿದ್ದದ್ದು ಒಂದೇ, ಹುಣಸೆಬೀಜದಷ್ಟು. ಅದರಲ್ಲಿ ಉಪ್ಪು ಕಂಡರೆ ಅವಳ ನೌಕರಿ ಇನ್ನೆರಡು ವರ್ಷ ಮುಂದುವರಿಯುತ್ತದೆ, ಇಲ್ಲದಿದ್ದರೆ ಜೂನ್‌ಗೆ ಗಂಟುಮೂಟೆ ಕಟ್ಟಬೇಕು.

ಪ್ರತಿ ಕಲ್ಲಿನ ಜೊತೆ ನನಗೊಂದು ಚೀಟಿ ಬರುತ್ತದೆ. ಕೊಯ್ಯುವಾಗ ಗರಗಸಕ್ಕೆ ಯಾವ ದ್ರವ ಹಾಕಬೇಕು ಎಂದು ಬರೆಯಲು ಅದರಲ್ಲೊಂದು ಚೌಕವಿದೆ. ಖಾಲಿ ಬಿಟ್ಟರೆ ನೀರು ಎಂದರ್ಥ, ಇದು ನಮ್ಮ ನೆಲಮಾಳಿಗೆಯ ಹಳೆಯ ಪದ್ಧತಿ. ಉಪ್ಪಿರುವ ಕಲ್ಲಾದರೆ ಆಲ್ಕೋಹಾಲ್ ಎಂದು ಬರೆಯಬೇಕು, ನೀರಿಗೆ ಉಪ್ಪು ಕರಗಿಹೋಗುತ್ತದಲ್ಲ. ಮಾರೆನ್ ಕಲಿತು ಬಂದ ಕಡೆ ಪದ್ಧತಿಯೇ ತಿರುಗುಮುರುಗು, ಖಾಲಿ ಎಂದರೆ ಆಲ್ಕೋಹಾಲ್ ಎಂದು ಆಮೇಲೆ ತಿಳಿಯಿತು. ಅವಳು ನನಗೆ ಚೀಟಿ ಬರೆದದ್ದು ಇದೇ ಮೊದಲು, ಚೌಕವನ್ನು ಖಾಲಿ ಬಿಟ್ಟಿದ್ದಳು.

ಅನುಮಾನ ಬಂದು ಮೆಟ್ಟಿಲು ಹತ್ತಿ ಹೋದೆ. ಅವಳು ಇಬ್ಬರು ವಿದ್ಯಾರ್ಥಿಗಳ ಜೊತೆ ಕೂತಿದ್ದಳು.

"ಮಾರೆನ್, ಈ ಚೀಟೀಲಿ..."

"ಎಲ್ಲಾ ಅದ್ರಲ್ಲೇ ಇದೆ ರಮೋನಾ. ಓದೋಕೆ ಬರಲ್ವಾ ನಿಮ್ಗೆ?"

ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ನಾನು ಹೈಸ್ಕೂಲಿಗೇ ಓದು ಬಿಟ್ಟವಳು. ಅದು ಅವಳಿಗೆ ಗೊತ್ತಿರಲಿಲ್ಲ, ಆದರೂ ಕೇಳಲು ಬಂದದ್ದನ್ನು ಕೇಳದೆ ಚೀಟಿ ಮಡಿಸಿದೆ.

"ಬರತ್ತೆ ಕಣಮ್ಮ, ಚೆನ್ನಾಗೇ ಬರತ್ತೆ," ಅಂದೆ.

ಕೆಳಗೆ ಬಂದು ಚೀಟಿ ಓದಿದೆ. ಖಾಲಿ. ಬಟ್ಟಿ ಇಳಿಸಿದ ನೀರು ತೊಟ್ಟಿಕ್ಕಿಸುತ್ತಾ ಕೊಯ್ದೆ. ಅವಳು ಏನು ಹುಡುಕುತ್ತಿದ್ದಾಳೆ ಎಂದು ಇಡೀ ಕಟ್ಟಡಕ್ಕೆ ಗೊತ್ತಿತ್ತು. ಗೊತ್ತಿದ್ದೇ ಕೊಯ್ದೆ.

ಮೂರನೆಯ ದಿನ ಮೇಲಿಂದ ಕರೆ ಬಂತು. ಮಾರೆನ್ ಸೂಕ್ಷ್ಮದರ್ಶಕದ ಮುಂದೆ ಅಲ್ಲಾಡದೆ ಕೂತಿದ್ದಳು.

"ಬಿರುಕೇನೋ ಇದೆ. ಒಳಗೆ ಏನೂ ಇಲ್ಲ," ಅಂದರು ವಿಟ್ಕಮ್. "ರಮೋನಾ, ಯಾವುದ್ರಲ್ಲಿ ಕೊಯ್ದ್ರಿ?"

ಚೌಕ ಖಾಲಿ ಇತ್ತು, ನೀರಲ್ಲಿ ಕೊಯ್ದೆ ಎಂದಿದ್ದರೆ ಅರ್ಧ ತಪ್ಪು ಅವಳದಾಗುತ್ತಿತ್ತು, ಅರ್ಧ ನನ್ನದು. ಆ ಅರ್ಧವನ್ನೂ ಹೊರುವ ಮನಸ್ಸಾಗಲಿಲ್ಲ.

"ಆಲ್ಕೋಹಾಲ್‌ನಲ್ಲಿ," ಅಂದೆ.

"ಮತ್ತಿನ್ನೇನು! ರಮೋನಾ ಕೈ ತಪ್ಪಲ್ಲ. ಉಪ್ಪು ಇದ್ದಿದ್ರೆ ಅಲ್ಲೇ ಇರ್ತಿತ್ತು. ನೀನು ಕಂಡಿದ್ದು ಸಹಾರಾದ್ದು, ಮಾರೆನ್."

ಅವಳು ಸೂಕ್ಷ್ಮದರ್ಶಕದ ದೀಪ ಆರಿಸಿದಳು. ನನ್ನ ಮಾತನ್ನು ಅನುಮಾನಿಸುವುದು ಅವಳಿಗೆ ಹೊಳೆಯಲೂ ಇಲ್ಲ.

ಕೆಳಗೆ ಬಂದರೆ ಗರಗಸದಡಿಯ ಗಾಜಿನ ಬಟ್ಟಲು ತೊಳೆಯದೆ ಹಾಗೇ ಇತ್ತು. ನಮ್ಮೂರ ಒಣಹವೆಗೆ ನೀರೆಲ್ಲ ಆರಿಹೋಗಿ, ತಳದಲ್ಲಿ ಕಲ್ಲಿನ ಪುಡಿಯ ಸುತ್ತ ಬಿಳಿಯ ಗೆರೆ ಉಳಿದಿತ್ತು. ಬೆರಳಿಗೆ ಹತ್ತಿಸಿಕೊಂಡು ನಾಲಗೆಗಿಟ್ಟೆ. ಉಪ್ಪು. ಬಟ್ಟಿ ಇಳಿಸಿದ ನೀರಲ್ಲಿ ಉಪ್ಪೆಲ್ಲಿಂದ ಬರಬೇಕು? ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ. ತಿಂದವಳು ನಾನು, ನೀರು ಕುಡಿಸಿದ್ದು ಆ ಹುಡುಗಿಗೆ.

ಇದು ಯಾವ ಗ್ರಹದ ಉಪ್ಪು ಎಂದು ಹೇಳಬಲ್ಲ ಯಂತ್ರ ಎರಡನೆಯ ಮಹಡಿಯಲ್ಲೇ ಇತ್ತು. ಬಟ್ಟಲನ್ನು ಅಲ್ಲಿಗೆ ಒಯ್ದರೆ ಮಾರೆನ್ ಉಳಿಯುತ್ತಿದ್ದಳು. ನಾನು ನೀರಲ್ಲಿ ಕೊಯ್ದದ್ದೂ, ಸುಳ್ಳು ಹೇಳಿದ್ದೂ ಬಯಲಾಗುತ್ತಿತ್ತು. ಬಟ್ಟಲು ಹಿಡಿದು ಬಾಗಿಲ ತನಕ ಹೋದೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು, ವಾಪಸ್ ಬಂದೆ.

ಮಾರೆನ್ ಒಳಗೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು.

"ಅವತ್ತು ನಾನು ಹಂಗೆ ಅನ್ಬಾರ್ದಿತ್ತು ರಮೋನಾ. ತಪ್ಪಾಯ್ತು."

"ಹೋಗ್ಲಿ ಬಿಡು, ಮಗಳೇ."

"ಒಂದೇ ಸಮಾಧಾನ ನಂಗೆ. ಬೇರೆ ಯಾರಾದ್ರೂ ಕೊಯ್ದಿದ್ರೆ, ಅಯ್ಯೋ ನೀರಲ್ಲಿ ಕೊಯ್ದುಬಿಟ್ರೇನೋ ಅಂತ ಸಾಯೋವರ್ಗೂ ಕೊರಗ್ತಿದ್ದೆ. ನೀವಲ್ವಾ ಕೊಯ್ದಿದ್ದು. ಇನ್ನು ನಿದ್ದೆಯಾದ್ರೂ ಬರತ್ತೆ."

ಅವಳು ಹೇಳುತ್ತಿರುವಾಗಲೇ ನಾನು ನಲ್ಲಿ ತಿರುಗಿಸಿ ಬಟ್ಟಲನ್ನು ಅದರಡಿ ಹಿಡಿದೆ. ಎರಡು ಸಲ ತೊಳೆದೆ.

"ಕೊಡಿ ಇಲ್ಲಿ," ಎಂದು ಮಾರೆನ್ ಮೊಳೆಗೆ ನೇತುಹಾಕಿದ್ದ ಬಟ್ಟೆ ತೆಗೆದುಕೊಂಡಳು. ಕೊಟ್ಟೆ. ಒಂದು ಹನಿಯೂ ಉಳಿಯದ ಹಾಗೆ ಅವಳೇ ಒರೆಸಿ, ಶೆಲ್ಫಿನಲ್ಲಿ ಬೋರಲು ಹಾಕಿದಳು.