ಉಪವಾಸದ ನಾಲಿಗೆ

ಇದನ್ನು ಹೇಳುವ ಅರ್ಹತೆ ನನಗಿದೆಯೇ ಎಂದು ಮೂರು ವಾರ ಯೋಚಿಸಿದ್ದೇನೆ. ಇಲ್ಲ ಎಂದೇ ಅನ್ನಿಸಿದೆ. ಆದರೂ ಹೇಳುತ್ತಿದ್ದೇನೆ, ಕ್ಷಮೆಯಿರಲಿ. ನಾನು ವೈದ್ಯಳಲ್ಲ, ಬರೆಯುವವಳಂತೂ ಅಲ್ಲವೇ ಅಲ್ಲ. ಬಿಸ್ಕತ್ತು ಕಾರ್ಖಾನೆಯ ರುಚಿ ಕೋಣೆಯಲ್ಲಿ ಸಹಾಯಕಿ. ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಆರು ವರ್ಷ ಆಹಾರ ವಿಜ್ಞಾನ ಓದಿ ಹೇಗೋ ದಡ ಸೇರಿದವಳು. ಅರ್ಧ ಪಾಠಗಳನ್ನು ತೂಕಡಿಸುತ್ತಲೇ ಕೇಳಿದ್ದೇನೆ. ಸಾಲದ್ದಕ್ಕೆ ಇದು ಅಕ್ಕನ ಗಂಡನ ವಿಷಯ. ಓದಿದವರು ತಪ್ಪು ತಿಳಿಯಬಾರದು, ಅಕ್ಕ ಓದಲೇಬಾರದು.

ಭಾವ ನಮ್ಮ ಕಾರ್ಖಾನೆಯ ಮುಖ್ಯ ರುಚಿಗಾರರಾಗಿದ್ದರು. ಇಪ್ಪತ್ತೆರಡು ವರ್ಷ ಅವರ ನಾಲಿಗೆ ಒಪ್ಪಿದ ಮೇಲೆಯೇ ಬಿಸ್ಕತ್ತು ಪೆಟ್ಟಿಗೆ ಸೇರುತ್ತಿತ್ತು. ರುಚಿ ಕೋಣೆ ಎಂದರೆ ಕಿಟಕಿಯಿಲ್ಲದ, ಗೋಡೆಗೆಲ್ಲ ಬಿಳಿ ಟೈಲ್ಸ್ ಹಾಕಿದ ಸಣ್ಣ ಕೋಣೆ. ಬಣ್ಣ ನೋಡಿ ಮನಸ್ಸು ವಾಲಬಾರದೆಂದು ಅಲ್ಲಿ ಕೆಂಪು ದೀಪ. ಸೆಂಟು ಹಾಕಿಕೊಂಡವರಿಗೆ ಪ್ರವೇಶವಿಲ್ಲ. ಮೇಜಿನ ಮೇಲೆ ಉಗುರುಬೆಚ್ಚಗಿನ ನೀರು, ಅಗಿದದ್ದನ್ನು ಉಗುಳಲು ಒಂದು ಸ್ಟೀಲ್ ಲೋಟ, ಪಕ್ಕದಲ್ಲಿ ಮಾದರಿ ಡಬ್ಬ. ನಮ್ಮ ಬಿಸ್ಕತ್ತು ಹೇಗಿರಬೇಕೋ ಹಾಗೆಯೇ ಇರುವ ಬಿಸ್ಕತ್ತು ಆ ಡಬ್ಬದಲ್ಲಿರುತ್ತದೆ. ಮೊದಲು ಅದನ್ನು ಕಚ್ಚಬೇಕು, ಆಮೇಲೆ ಒಲೆಯಿಂದ ಬಂದ ಹೊಸದನ್ನು. ಎರಡೂ ಒಂದೇ ಅನ್ನಿಸಿದರೆ ಪಾಸು. ಮಾದರಿಯನ್ನೇ ಬದಲಿಸಬೇಕಾದರೆ ಡಬ್ಬದ ಮೇಲೆ ಇಬ್ಬರ ಸಹಿ ಬೀಳಬೇಕು, ಮುಖ್ಯ ರುಚಿಗಾರರದು ಮತ್ತು ನನ್ನದು. ಹಾಗೆ ಬದಲಾಗಿದ್ದನ್ನು ನಾನು ಕಂಡಿರಲಿಲ್ಲ.

ಆ ಸ್ಟೀಲ್ ಲೋಟ ಇಪ್ಪತ್ತೆರಡು ವರ್ಷ ಒಣಗಿಯೇ ಇತ್ತು. "ಬಾಯಿಗೆ ಬಂದ ತುತ್ತನ್ನ ಉಗುಳಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಾಳೆ" ಎನ್ನುತ್ತಿದ್ದರು ಭಾವ. ದಿನಕ್ಕೆ ನಲವತ್ತು ಬಿಸ್ಕತ್ತು, ಒಂದೊಂದರಲ್ಲಿ ಅರ್ಧ. ಲೆಕ್ಕ ಹಾಕಿ ಒಮ್ಮೆ ತೋರಿಸಿದೆ. "ಅದು ಡ್ಯೂಟಿ ಕಣೇ, ತಿಂಡಿ ಅಲ್ಲ" ಎಂದರು.

ವರ್ಷದ ತಪಾಸಣೆಯಲ್ಲಿ ಕಾರ್ಖಾನೆಯ ಡಾಕ್ಟರ್ ಅವರನ್ನು ಕೂರಿಸಿಕೊಂಡು ಹೇಳಿದರಂತೆ: ತೂಕ ತೊಂಬತ್ತೇಳು, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ಬಂದು ನಿಂತಿದೆ, ಒಂದು ತಿಂಗಳಲ್ಲಿ ಎರಡೂ ಇಳಿಯುವ ಲಕ್ಷಣ ತೋರದಿದ್ದರೆ ರುಚಿ ಕೋಣೆ ಬಿಟ್ಟು ಪ್ಯಾಕಿಂಗ್‌ಗೆ ಹೋಗಬೇಕು. ಊಟ ಸ್ವಲ್ಪ ಕಡಿಮೆ, ನಡಿಗೆ ಸ್ವಲ್ಪ ಜಾಸ್ತಿ ಮಾಡಿ ಎಂದೂ ಹೇಳಿದರು. ಭಾವನ ಕಿವಿಗೆ ಬಿದ್ದದ್ದು ಪ್ಯಾಕಿಂಗ್ ಎಂಬ ಮಾತೊಂದೇ. ಬಿಳಿ ಕೋಟು ಬಿಚ್ಚಿಟ್ಟು ಬೆಲ್ಟಿನ ಮುಂದೆ ನಿಲ್ಲುವುದಕ್ಕಿಂತ ಸಾಯುವುದು ವಾಸಿ ಎಂದು ಅಕ್ಕನ ಮುಂದೆ ಅಂದರು.

ಕಾರ್ಖಾನೆಯ ಲಿಫ್ಟ್ ನಡೆಸುವವನು ಬರೀ ನೀರು ಕುಡಿದು ಹತ್ತು ದಿನ ಇದ್ದು, ಸಡಿಲವಾದ ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡು ಓಡಾಡುತ್ತಿದ್ದ. ಅವನನ್ನು ನೋಡಿ ಭಾವ ಹದಿನಾಲ್ಕು ದಿನ ಎಂದು ತೀರ್ಮಾನಿಸಿದರು.

"ಲಂಘನಂ ಪರಮೌಷಧಂ ಅಂತ ಹಿರಿಯರೇ ಹೇಳಿದ್ದಾರೆ."

"ಹಿರಿಯರು ಹೇಳಿದ್ದು ಒಂದು ಹೊತ್ತು ಬಿಡೋಕೆ" ಅಂದಳು ಅಕ್ಕ. "ಹದಿನಾಲ್ಕು ದಿನ ಬಿಟ್ಟವರು ಹೇಳೋಕೆ ಉಳಿದಿರ್ತಾರಾ?"

ಭಾವ ನನ್ನ ಕಡೆ ತಿರುಗಿದರು. "ಏನೇ ಸಂಜೆ ಕಾಲೇಜು, ನಿನ್ನ ಪುಸ್ತಕ ಏನನ್ನುತ್ತೆ?"

ನಾನು ಎರಡು ರಾತ್ರಿ ಕೂತು ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದೆ. ಎಡಗಡೆ ಒಳ್ಳೆಯದು: ತೂಕ ಬೇಗ ಇಳಿಯುತ್ತದೆ, ರಕ್ತದ ಸಕ್ಕರೆ ಮತ್ತು ಒತ್ತಡ ಇಳಿಯಬಹುದು, ಕೆಲವರಿಗೆ ತಲೆ ಹಗುರಾಗುತ್ತದೆ. ಬಲಗಡೆ ಕೆಟ್ಟದ್ದು: ಮೊದಲು ಇಳಿಯುವುದು ಹೆಚ್ಚಾಗಿ ನೀರು, ಜೊತೆಗೆ ಸ್ನಾಯುವೂ ಕರಗುತ್ತದೆ, ಲವಣಗಳು ಏರುಪೇರಾದರೆ ಹೃದಯ ಮುಗ್ಗರಿಸಬಹುದು, ಮತ್ತೆ ಉಣ್ಣಲು ತೊಡಗುವ ದಿನಗಳೇ ಅಪಾಯದವು, ಡಾಕ್ಟರನ್ನು ಕೇಳದೆ ಮಾಡಲೇಬಾರದು, ಇಳಿದ ತೂಕ ಸಾಮಾನ್ಯವಾಗಿ ದಾರಿ ಮರೆಯದೆ ಮನೆಗೆ ಬರುತ್ತದೆ. ಭಾವ ಹಾಳೆಯನ್ನು ಗೆರೆಯ ಮೇಲೆಯೇ ಮಡಿಸಿ ಎಡಗಡೆಯನ್ನಷ್ಟೇ ಓದಿದರು. "ಚೆನ್ನಾಗಿ ಬರೆದಿದ್ದೀಯ" ಎಂದರು. ನಾಲಿಗೆಗೆ ಏನಾಗುತ್ತದೆ ಎಂಬುದನ್ನು ನಾನು ಯಾವ ಕಡೆಯೂ ಬರೆದಿರಲಿಲ್ಲ. ಆ ಪಾಠದ ದಿನ ತೂಕಡಿಸಿದ್ದಿರಬೇಕು.

ಮರುತಪಾಸಣೆಗೆ ಹದಿನಾಲ್ಕು ದಿನ ಇದ್ದಾಗ ಶುರು ಮಾಡಿದರು. ಮೊದಲ ನಾಲ್ಕು ದಿನ ಬಿಸ್ಕತ್ತು ಕಚ್ಚುವ ಕೆಲಸವನ್ನು ನನಗೆ ಬಿಟ್ಟು ತಾವು ಮೂಸಿಯಷ್ಟೇ ನೋಡಿದರು. ಮೂರನೆಯ ದಿನ ತಲೆನೋವು, ಚಳಿ, ಎಲ್ಲರ ಮೇಲೂ ಸಿಡಿಮಿಡಿ. ಮನೆಯಲ್ಲಿ ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಳ್ಳಿಯಂತೆ ಉಣ್ಣುತ್ತಿದ್ದಳು. ನಾಲ್ಕನೆಯ ದಿನದಿಂದ ಅವರ ಉಸಿರಿನಲ್ಲಿ ಕೊಳೆಯಲು ತೊಡಗಿದ ಹಣ್ಣಿನ ವಾಸನೆ. ಸೆಂಟಿಗೆ ಪ್ರವೇಶವಿಲ್ಲದ ಆ ಕೋಣೆಯ ತುಂಬ ಅದೇ ತುಂಬಿಕೊಂಡಿತು. ಅವರನ್ನು ಹೊರಗೆ ಕಳಿಸಲು ನಿಯಮ ಹುಡುಕಿದೆ. ರುಚಿಗಾರರ ಉಸಿರಿನ ಬಗ್ಗೆ ಏನೂ ಇರಲಿಲ್ಲ. ರುಚಿ ನೋಡುವ ಒಂದು ಗಂಟೆ ಮುಂಚೆ ಏನೂ ತಿನ್ನಬಾರದು ಎಂದು ಮಾತ್ರ ಇತ್ತು. ಅದನ್ನು ಭಾವ ನೂರು ಗಂಟೆಯಿಂದ ಪಾಲಿಸುತ್ತಿದ್ದರು.

ಐದನೆಯ ದಿನ ಅವರು ಬದಲಾದರು. ಮುಖದಲ್ಲಿ ಕಳೆ, ಮಾತಿನಲ್ಲಿ ಹುರುಪು. "ತಲೆ ತೊಳೆದಿಟ್ಟ ಗಾಜಿನ ಹಾಗಿದೆ ಕಣೇ. ಇಷ್ಟು ವರ್ಷ ಹೊಟ್ಟೆ ತುಂಬಿಸಿಕೊಂಡು ಕುರುಡನ ಥರ ಇದ್ದೆ." ಬಿಸ್ಕತ್ತು ಕಚ್ಚಿದರು, ನಿಧಾನವಾಗಿ ಅಗಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಲೋಟಕ್ಕೆ ಉಗುಳಿದರು. "ಸಕ್ಕರೆ ಜಾಸ್ತಿ."

ನೂರು ಪಾಲು ಹಿಟ್ಟಿಗೆ ಮೂವತ್ತು ಪಾಲು ಸಕ್ಕರೆ ನಮ್ಮ ಅಳತೆ. ಇಪ್ಪತ್ತೆಂಟಕ್ಕೆ ಇಳಿಸಿದರು. ಎಂಟನೆಯ ದಿನ ಇಪ್ಪತ್ತೈದು. ಒಲೆ ಮೇಸ್ತ್ರಿ ನನ್ನನ್ನು ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ ಒಂದು ಬಿಸ್ಕತ್ತನ್ನು ಬೆಳಕಿಗೆ ಹಿಡಿದ.

"ನೋಡಮ್ಮ, ಸಕ್ಕರೆ ಇಲ್ಲದೆ ಬಣ್ಣ ಎಲ್ಲಿಂದ ಬರುತ್ತೆ? ಬಿಳಿಚಿಕೊಂಡಿವೆ, ನಿಮ್ಮ ಭಾವನ ಹಾಗೇ. ಅವರಿಗೆ ಹುಷಾರಿಲ್ವಾ?"

"ಹುಷಾರಾಗಿದ್ದಾರೆ" ಎಂದೆ. ಅದು ಸುಳ್ಳೂ ಆಗಿರಲಿಲ್ಲ. ಕೆಂಪು ದೀಪದ ಕೆಳಗೆ ಬಿಳಿಚಿಕೊಂಡದ್ದು ಯಾವುದೂ ಕಾಣುತ್ತಿರಲಿಲ್ಲ.

ಹನ್ನೊಂದನೆಯ ದಿನ ಭಾವ ಮಾದರಿ ಡಬ್ಬದ ಬಿಸ್ಕತ್ತನ್ನೇ ಕಚ್ಚಿ ಉಗುಳಿದರು.

"ಇದೂ ಜಾಸ್ತಿ. ಇಷ್ಟು ವರ್ಷ ತಪ್ಪು ಮಾದರಿ ಇಟ್ಕೊಂಡು ಕೂತಿದ್ವಿ. ಇಪ್ಪತ್ತೆರಡು ಪಾಲಿನದು ತುಂಬು, ಸಹಿ ಹಾಕು."

"ಭಾವ, ಉಪವಾಸ ಮುಗಿದ ಮೇಲೆ ಒಂದ್ಸಲ ನೋಡೋಣ್ವಾ?"

"ಯಾಕೆ? ಹಸಿವು ರುಚಿ ಅರಿಯದು ಅಂತ ಗಾದೆ ಹೇಳ್ತೀಯಾ? ನನಗೆ ಹಸಿವೇ ಇಲ್ಲ."

"ಹಾಗಲ್ಲ..."

"ಹಾಗಾದ್ರೆ ಒಂದು ಕೆಲಸ ಮಾಡು. ನನ್ನ ನಾಲಿಗೆ ಸರಿ ಇಲ್ಲ ಅಂತ ಬರೆದು ಕೊಡು. ಮ್ಯಾನೇಜರ್ ಹತ್ರ ನಾನೇ ತಗೊಂಡು ಹೋಗ್ತೀನಿ."

ಎರಡನ್ನೂ ಕಚ್ಚಿ ನೋಡಿದೆ. ಹಳೆಯದೇ ಸರಿ ಅನ್ನಿಸಿತು. ಆದರೆ ನಾನು ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಬಂದವಳು. ಅವರ ನಾಲಿಗೆಯ ಮುಂದೆ ನನ್ನದೊಂದು ನಾಲಿಗೆಯೇ? ಬರೆದು ಕೊಟ್ಟರೆ ಪ್ಯಾಕಿಂಗ್‌ಗೆ ದಾರಿ ತೋರಿಸಿದವಳು ನಾದಿನಿಯೇ ಎಂದಾಗುತ್ತದೆ, ಅದೂ ತಪಾಸಣೆಗೆ ನಾಲ್ಕು ದಿನ ಇರುವಾಗ. ಸಹಿ ಹಾಕಿದೆ. ಅಕ್ಷರ ಸೊಟ್ಟಗೆ ಬಂದದ್ದಕ್ಕೆ ಭಾವ ಬೈದರು.

ಹದಿನೈದನೆಯ ದಿನ ಬೆಳಿಗ್ಗೆ ತೂಕ ಎಂಬತ್ತೆಂಟು, ಸಕ್ಕರೆ ಹೊಸ್ತಿಲಿಂದ ಇಳಿದು ಬೀದಿ ದಾಟಿತ್ತು. ಡಾಕ್ಟರ್ ಬೆನ್ನು ತಟ್ಟಿ, "ನೋಡಿ, ನಡಿಗೆಗೆ ಎಷ್ಟು ಶಕ್ತಿ ಇದೆ" ಎಂದರಂತೆ. ಭಾವ ವಿನಯದಿಂದ ತಲೆಯಾಡಿಸಿದರಂತೆ. ಗೇಟಿನಿಂದ ಕೋಣೆಗೆ ನಡೆದೇ ಬರುತ್ತಿದ್ದುದು ನಿಜ. ರಿಪೋರ್ಟಿನಲ್ಲಿ ರುಚಿ ಕೋಣೆಗೆ ಯೋಗ್ಯ ಎಂದು ಬರೆಯಲಾಯಿತು. ಆ ಮಧ್ಯಾಹ್ನ ಮನೆಗೆ ಬಂದು, ಹದಿನಾಲ್ಕು ದಿನದ ಬಾಕಿಯನ್ನು ಒಂದೇ ಊಟಕ್ಕೆ ತೀರಿಸಲು ಕೂತರು. ಸಂಜೆಗೆ ವಾಂತಿ, ಕೈಕಾಲು ನಡುಕ. ಆಸ್ಪತ್ರೆಯಲ್ಲಿ ನಾಲ್ಕು ದಿನ, ಮನೆಯಲ್ಲಿ ಮೂರು ವಾರ ರಜೆ. ಬಲಗಡೆಯ ಅರ್ಧ ಹಾಳೆಯನ್ನು ಆಗ ಓದಿದರೋ ಏನೋ.

ಆ ಮೂರು ವಾರ ರುಚಿ ನೋಡಿದವಳು ನಾನು. ಡಬ್ಬದ್ದೊಂದು, ಹೊಸದೊಂದು. ಎರಡೂ ಒಂದೇ ಥರ ಸಪ್ಪೆ, ಪಾಸು. ಒಂದೇ ಥರ ಇದೆಯೇ ಎಂದು ನೋಡುವುದು ನನ್ನ ಕೆಲಸ, ಚೆನ್ನಾಗಿದೆಯೇ ಎಂದಲ್ಲ. ಹಾಗೆಂದು ದಿನವೂ ನನಗೆ ನಾನೇ ಹೇಳಿಕೊಂಡೆ. ದಿನವೂ ಹೇಳಿಕೊಳ್ಳಬೇಕಾಗಿ ಬಂದಾಗಲೇ ಅರ್ಥವಾಗಬೇಕಿತ್ತು.

ಭಾವ ಕೆಲಸಕ್ಕೆ ಮರಳಿದ ದಿನವೇ ಅಂಗಡಿಗಳಿಂದ ಪೆಟ್ಟಿಗೆಗಳು ವಾಪಸು ಬಂದಿದ್ದವು. ಮ್ಯಾನೇಜರ್ ತಮ್ಮ ಕೋಣೆಗೆ ಒಲೆ ಮೇಸ್ತ್ರಿಯನ್ನು, ನಮ್ಮಿಬ್ಬರನ್ನು ಕರೆಸಿದರು. ಅಲ್ಲಿ ಕಿಟಕಿಯಿತ್ತು, ಹಗಲಿನ ಬೆಳಕಿತ್ತು. ಮೇಜಿನ ಮೇಲೆ ತಟ್ಟೆಯೊಂದರಲ್ಲಿ ಪೇಲವ ಬಿಸ್ಕತ್ತುಗಳು.

"ರುಚಿ ನೋಡಿ ಹೇಳಿ" ಎಂದರು ಭಾವನಿಗೆ.

ಭಾವ ಕಚ್ಚಿದರು. ಇಪ್ಪತ್ತೆರಡು ವರ್ಷದ ಅಧಿಕಾರವೆಲ್ಲ ಮುಖಕ್ಕೆ ಬಂತು. "ಇದು ಬಿಸ್ಕತ್ತಲ್ಲ ಸರ್, ರಟ್ಟು. ಸಕ್ಕರೆ ಎಲ್ಲಿ ಹೋಯ್ತು?" ಎಂದು ಮೇಸ್ತ್ರಿಯ ಕಡೆ ನೋಡಿದರು.

ಮೇಸ್ತ್ರಿ ಸಿಟ್ಟಾಗಲಿಲ್ಲ. "ನನ್ನನ್ಯಾಕೆ ನೋಡ್ತೀರಿ ಯಜಮಾನ್ರೆ? ಡಬ್ಬ ತರಿಸಿ, ಮೇಲಿನ ಸಹಿ ಓದಿ. ನನಗೆ ಕಣ್ಣು ಮಂಜು."

ಡಬ್ಬ ಬಂತು. ಮ್ಯಾನೇಜರ್ ಮೊದಲು ಸಹಿ ನೋಡಿದರು, ಆಮೇಲೆ ತಾರೀಖು, ಆಮೇಲೆ ನನ್ನನ್ನು. "ಈ ಮಾದರಿ ಬದಲಾಯಿಸಿದ್ದು ಯಾಕೆ?"

ಭಾವ ಬಾಯಿಯಲ್ಲಿದ್ದ ಬಿಸ್ಕತ್ತನ್ನು ಇನ್ನೂ ನುಂಗಿರಲಿಲ್ಲ. ಸುಮ್ಮನಿದ್ದರೆ ಮೇಸ್ತ್ರಿಯ ತಲೆಗೆ ಬರುತ್ತದೆ ಎಂದು ಹೆದರಿಯೋ, ಇಷ್ಟು ದಿನ ಸುಮ್ಮನಿದ್ದು ಸಾಕಾಗಿಯೋ, ನಾನು ಹೇಳಿಬಿಟ್ಟೆ. "ಆಗ ಭಾವ ಉಪವಾಸ ಇದ್ರು ಸರ್. ಹನ್ನೊಂದನೇ ದಿನ. ಹಸಿದಾಗ ನಾಲಿಗೆಗೆ ಸಿಹಿ ಜಾಸ್ತಿ ಗೊತ್ತಾಗುತ್ತಂತೆ. ಮೊನ್ನೆ ಪುಸ್ತಕದಲ್ಲಿ ನೋಡ್ದೆ. ತಪ್ಪು ನನ್ನದೂ ಇದೆ."

"ಉಪವಾಸಾನಾ?" ಮ್ಯಾನೇಜರ್ ಕಡತ ತೆರೆದರು. "ಇಲ್ಲಿ ನಡಿಗೆ ಅಂತಿದೆ."

ಮರುದಿನ ಭಾವ ಪ್ಯಾಕಿಂಗ್‌ಗೆ ಹೋದರು, ಯೋಗ್ಯ ಎಂಬ ರಿಪೋರ್ಟನ್ನು ಜೇಬಿನಲ್ಲಿಟ್ಟುಕೊಂಡೇ. ನಿಯಮ ಪುಸ್ತಕಕ್ಕೆ ಒಂದು ಸಾಲು ಸೇರಿತು: ರುಚಿಗಾರರು ಹಿಂದಿನ ದಿನ ಎರಡು ಹೊತ್ತು ಊಟ ಮಾಡಿರತಕ್ಕದ್ದು. ನನಗೆ ಎಚ್ಚರಿಕೆಯ ಪತ್ರ ಕೊಟ್ಟರು. ಬೇರೆ ಯಾರೂ ಸಿಗದ್ದರಿಂದ ಅವರ ಕುರ್ಚಿಯನ್ನೂ ಕೊಟ್ಟರು. ಅಕ್ಕ ಎರಡು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಒಂದು ಭಾನುವಾರ ಊಟಕ್ಕೆ ಕರೆದಳು. ಭಾವನ ತೂಕ ಮೂರು ತಿಂಗಳಲ್ಲಿ ಆರು ಕೆಜಿ ವಾಪಸು ಬಂದಿದೆ. ಪ್ಯಾಕಿಂಗ್‌ನಲ್ಲಿ ಮುರಿದ ಬಿಸ್ಕತ್ತಿಗೆ ಲೆಕ್ಕವಿಲ್ಲ.

ಉಪವಾಸ ಒಳ್ಳೆಯದೇ, ಕೆಟ್ಟದ್ದೇ ಎಂದು ಈಗ ಅನೇಕರು ನನ್ನನ್ನು ಕೇಳುತ್ತಾರೆ. ಡಾಕ್ಟರನ್ನು ಕೇಳಿ ಎನ್ನುತ್ತೇನೆ. ನನ್ನನ್ನು ಕಾಡುವುದು ಬೇರೆ. ಬರೆದು ಕೊಡು ಎಂದು ಭಾವ ಅಂದು ಹೇಳಿದಾಗ, ತಮ್ಮ ನಾಲಿಗೆ ತಪ್ಪಿದೆ ಎಂದು ಅವರಿಗೆ ಒಳಗೇ ಅನುಮಾನವಿತ್ತೇ, ನಾನು ತಡೆಯಲಿ ಎಂದೇ ಹಾಗೆ ಅಂದರೇ, ಇಲ್ಲ ನಿಜವಾಗಿ ನಂಬಿದ್ದರೇ? ಅವರನ್ನೇ ಕೇಳಬಹುದು, ನಾನಿನ್ನೂ ಕೇಳಿಲ್ಲ. ಹಾಗಾಗಿ ಅದು ನನಗೆ ಗೊತ್ತಿಲ್ಲ.