ಎಡಗೈ ಪೂಜೆ

ನಮ್ಮ ಮನೆಯಲ್ಲಿ ಸಿನಿಮಾ ನೋಡಿದವರಿಗಿಂತ ನೋಡಿಬಂದವರ ಬಾಯಿಂದ ಕೇಳಿದವರೇ ಹೆಚ್ಚು. ಆ ವರ್ಷ ನಮ್ಮ ಸೊರಬದಲ್ಲಿ ಸಿನಿಮಾ ಟೆಂಟು ಹಾಕಿರಲಿಲ್ಲ. ದೀಪಾವಳಿಗೆ ಶಿಕಾರಿಪುರದ ಕಡೆ ಹೋಗಿಬಂದವರು ಯಾರೇ ಆಗಲಿ, ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಚಿತ್ರದ ಕಥೆ ಹೇಳಲೇಬೇಕು. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಅಭಿಪ್ರಾಯಗಳು ಶುರುವಾಗುತ್ತಿದ್ದವು. ನೋಡದವರ ಅಭಿಪ್ರಾಯವೇ ಜೋರು. ಅದರಲ್ಲೂ ನಮ್ಮ ಚಿಕ್ಕಮಾವ ಸದಾಶಿವಪ್ಪನವರದು ಎಲ್ಲರಿಗಿಂತ ಜೋರು.

ಸದಾಶಿವಪ್ಪನವರು ನನ್ನ ಗಂಡ ಪರಮಶಿವಪ್ಪನ ಚಿಕ್ಕಪ್ಪ. ನಮ್ಮ ಮಾವ ತೀರಿಕೊಂಡ ಮೇಲೆ ಗದ್ದೆ, ದಿನಸಿ ಅಂಗಡಿ, ಮನೆ ಎಲ್ಲದರ ಯಜಮಾನಿಕೆ ಅವರದೇ. ನವರಾತ್ರಿಯಲ್ಲಿ ಮಠದ ಜಗಲಿಯ ಮೇಲೆ ನಿಂತು, ನಮ್ಮ ಪೈಕಿ ಯಾರೂ ಟೆಂಟಿನೊಳಗೆ ಕಾಲಿಡಕೂಡದು, ಇಟ್ಟವರು ಮಠಕ್ಕೆ ಬರುವುದು ಬೇಡ ಎಂದು ಅಪ್ಪಣೆ ಕೊಡಿಸಿದ್ದರು. ಸೊರಬದಲ್ಲಿ ಟೆಂಟೇ ಇಲ್ಲದಿರುವಾಗ ಈ ಅಪ್ಪಣೆ ಯಾರಿಗೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನನಗೆ ಗೊತ್ತಿತ್ತು. ಅದು ನನಗೆ. ನನ್ನ ತವರು ಶಿಕಾರಿಪುರ, ನನಗೆ ಸಿನಿಮಾ ಹುಚ್ಚು ಎಂಬುದು ಅವರಿಗೆ ಮೊದಲಿನಿಂದ ಗೊತ್ತು. ನಮ್ಮೂರಿನವರೆಂದರೆ ಅವರಿಗೆ ಬಯಲುಸೀಮೆಯವರು, ಮಾತು ಒರಟು, ಮಡಿ ಮೈಲಿಗೆ ಗೊತ್ತಿಲ್ಲದವರು. ನಾನು ಆ ಮನೆ ಹೊಕ್ಕ ದಿನದಿಂದ ಸಾರಿಗೆ ಖಾರ ಹೆಚ್ಚಾದರೂ ಶಿಕಾರಿಪುರದ್ದೇ ತಪ್ಪು.

ಇಷ್ಟೆಲ್ಲ ಇದ್ದೂ ನಾನು ನನ್ನ ತಂಗಿ ರಾಜೇಶ್ವರಿಯನ್ನು ಅವರ ಒಬ್ಬನೇ ಮಗ ಬೆನಕಪ್ಪನಿಗೆ ತರಬೇಕೆಂದು ಒದ್ದಾಡಿದೆ. ಯಾಕೆಂದರೆ ನನಗೆ ಜೊತೆ ಬೇಕಿತ್ತು. ಅಡಿಗೆಮನೆಯಲ್ಲಿ ನನ್ನ ಮಾತು ಅರ್ಥವಾಗುವವಳೊಬ್ಬಳು, ನನ್ನ ಜೊತೆ ನಗುವವಳೊಬ್ಬಳು ಬೇಕಿತ್ತು. ಬೆನಕಪ್ಪ ಕೆಟ್ಟ ಹುಡುಗನಲ್ಲ. ಸೌಮ್ಯ, ಓದಿದ್ದ, ಅಂಗಡಿ ನೋಡಿಕೊಳ್ಳುತ್ತಿದ್ದ. ಮಾತುಕತೆ ಮುಗಿದಿತ್ತು, ನೆಂಟರಿಷ್ಟರಿಗೆಲ್ಲ ಗೊತ್ತಾಗಿತ್ತು. ವೀಳ್ಯ ಬದಲಾಯಿಸುವ ದಿನ ಗೊತ್ತುಮಾಡುವುದೊಂದು ಬಾಕಿ. ಅದಕ್ಕೆಂದೇ ಹಬ್ಬ ಮುಗಿಸಿ ನಾನು ಸೊರಬಕ್ಕೆ ಮರಳುವಾಗ ನಮ್ಮ ಅಪ್ಪ ಹುಚ್ಚರಾಯಪ್ಪನವರೂ ಜೊತೆಗೆ ಬಂದರು. ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದು ರಾಜೇಶ್ವರಿಯೂ ಹೊರಟಳು.

ಅವತ್ತು ಊಟಕ್ಕೆ ಹೋಳಿಗೆ ಮಾಡಿದ್ದೆ. ಗಂಡಸರು ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತರು. ನಾನೂ ತಂಗಿಯೂ ನಡುಮನೆಯ ಬಾಗಿಲ ಹತ್ತಿರ ಕೂತೆವು. ಚಿಕ್ಕಮಾವನ ಮುಖ ಪ್ರಸನ್ನವಾಗಿತ್ತು. ಆ ಧೈರ್ಯದ ಮೇಲೆ ನನ್ನ ಗಂಡ, ಹಬ್ಬಕ್ಕೆ ಎಂಥ ಪಿಕ್ಚರು ನೋಡಿದಿರಿ ಎಂದು ಅಪ್ಪನನ್ನು ಕೇಳಿದ.

ಚಿತ್ರದ ಹೆಸರು ಬೇಡ, ನೆನೆದರೆ ಈಗಲೂ ಮೈ ಉರಿಯುತ್ತದೆ. ಒಬ್ಬ ಶಿವಭಕ್ತ ವ್ಯಾಪಾರಿಯ ಕಥೆ. ಅವನು ಆಸ್ತಿ ಮನೆ ಎಲ್ಲ ಕಳೆದುಕೊಳ್ಳುತ್ತಾನೆ, ರಾಜನ ಮಂತ್ರಿ ಅವನನ್ನು ಊರು ಬಿಡಿಸುತ್ತಾನೆ, ಕೊನೆಗೆ ಶಿವ ಬಂದು ಎಲ್ಲ ಸರಿಮಾಡುತ್ತಾನೆ. ಅಪ್ಪ ಹಾಡು ಬಂದಾಗಲೆಲ್ಲ ನಿದ್ದೆ ಹೋಗಿ, ಹಾಸ್ಯ ಬಂದಾಗ ಮಾತ್ರ ಎದ್ದಿದ್ದರು. ಆದ್ದರಿಂದ ಅವರು ಹೇಳಿದ ಕಥೆಯಲ್ಲಿ ಶಿವನೂ ಇರಲಿಲ್ಲ, ಮಂತ್ರಿಯೂ ಇರಲಿಲ್ಲ, ಬರೀ ಒಬ್ಬ ಡೊಳ್ಳುಹೊಟ್ಟೆಯ ಅಡಿಗೆಯವನಿದ್ದ. ನಾನು ಬಾಯಿ ಹಾಕಿ, ಊಟಕ್ಕೆ ಗತಿಯಿಲ್ಲದ ನಾಯಕಿ ಪ್ರತಿಸಲ ಅಳುವಾಗಲೂ ತಲೆತುಂಬ ಹೊಸ ಹೂವು ಮುಡಿದಿರುತ್ತಾಳೆ, ಮಂತ್ರಿಯ ಮೀಸೆ ಒಂದು ಕಡೆ ಕಿತ್ತುಬಂದಿತ್ತು ಎಂದೆ. ನನ್ನ ಗಂಡ ನಕ್ಕ. ಬೆನಕಪ್ಪನೂ ನಗಲು ಹೋಗಿ, ತನ್ನ ಅಪ್ಪನ ಕಡೆ ನೋಡಿ ನಿಲ್ಲಿಸಿದ.

ನಿಂಗೆ ಯಾವುದು ಹಿಡಿಸಿತು ಎಂದು ನನ್ನ ಗಂಡ ರಾಜೇಶ್ವರಿಯನ್ನು ಕೇಳಿದ. ಸುಮ್ಮನೆ ಭಾವ ನಾದಿನಿಯನ್ನು ಮಾತಾಡಿಸುವ ಹಾಗೆ ಕೇಳಿದ್ದು. ಅವಳು ನಾಚಿಕೊಂಡು, ಆ ವ್ಯಾಪಾರಿ ಎಲ್ಲ ಕಳೆದುಕೊಂಡು ಹಾಳು ಮಂಟಪದಲ್ಲಿ ಕೂತು ಲಿಂಗಪೂಜೆ ಮಾಡುವುದು ಬಹಳ ಚೆನ್ನಾಗಿತ್ತು, ಅದೊಂದನ್ನು ಮತ್ತೆ ನೋಡಬೇಕೆನಿಸಿತು ಎಂದಳು.

ಸದಾಶಿವಪ್ಪನವರು ಬಾಯಲ್ಲಿದ್ದ ಎಲೆಯನ್ನು ಅಂಗಳಕ್ಕೆ ಉಗಿದು ಬಂದರು.

"ಅದು ಪೂಜೆಯೇನು? ಆ ಭಂಡ ಲಿಂಗಾನ ಬಲ ಅಂಗೈಲಿ ಇಟ್ಕಂಡು ಎಡಗೈಲಿ ವಿಭೂತಿ ಹಚ್ತಾನೆ. ಎಡಗೈಲಿ. ಅದನ್ನ ಕೂತು ನೋಡಿ ಚಂದ ಅಂತ ಹೇಳ್ತದೆ ಈ ಹುಡುಗಿ."

ನಮ್ಮಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈಯಿಂದ ಪೂಜೆ ಮಾಡುವುದು. ಮಾತು ಬಾರದ ಕೂಸಿಗೂ ಅದು ನೋಡಿನೋಡಿ ಗೊತ್ತಿರುತ್ತದೆ. ಅದನ್ನು ತಿರುಗುಮುರುಗು ಮಾಡಿದರೆ ನಮ್ಮವರಿಗೆ ಮೈಮೇಲೆ ಕೆಂಡ ಸುರಿದಂತೆಯೇ. ನನ್ನ ಗಂಡ ಕೂಡ ನಗು ನಿಲ್ಲಿಸಿ, ಹೌದಾ, ಹಾಗೆ ತೋರಿಸಿದ್ದಾರಾ ಎಂದು ನನ್ನನ್ನೇ ದಿಟ್ಟಿಸಿದ.

ಹಾಗೇನಿಲ್ಲ, ಎಡಗೈಯಲ್ಲೇ ಇಟ್ಟುಕೊಂಡಿದ್ದ ಎಂದು ರಾಜೇಶ್ವರಿ ಮೆಲ್ಲಗೆ ಹೇಳಿದಳು. ಎದುರು ಮಾತಾಡುತ್ತದೆ ನೋಡಿ ಎಂದರು ಚಿಕ್ಕಮಾವ. ಅಪ್ಪ ನಡುವೆ ಬಂದು, ಹುಡುಗಿ ಹೇಳುವುದು ನಿಜ, ಎಡಗೈಯಲ್ಲೇ ಇತ್ತು ಎಂದರು. ನಿದ್ದೆಯಲ್ಲಿ ಕಂಡಿರೋ ಎಂದು ಕೇಳಿ ಚಿಕ್ಕಮಾವ ಅವರ ಬಾಯಿ ಮುಚ್ಚಿಸಿದರು. ನಿಮಗೆ ಹೇಗೆ ಗೊತ್ತು ಎಂದು ನಾನು ಕೇಳಿದ್ದಕ್ಕೆ, ನೋಡಿಬಂದ ದೊಡ್ಡ ಮನುಷ್ಯರೊಬ್ಬರು ಹೇಳಿದರು, ಸುಳ್ಳು ಹೇಳುವವರಲ್ಲ ಎಂದು ಉತ್ತರ ಬಂತು.

ಆಮೇಲೆ ಅವರು ನನ್ನ ತವರಿನ ಚರ್ಮ ಸುಲಿದರು. ನಿಮ್ಮಲ್ಲಿ ಪೂಜೆಯ ಕೈ ಯಾವುದು, ಊಟದ ಕೈ ಯಾವುದು ಎಂಬ ಗುರುತೂ ಉಳಿದಿಲ್ಲ. ಹೆಣ್ಣುಮಕ್ಕಳನ್ನು ಕತ್ತಲಲ್ಲಿ ಕೂರಿಸಿ ಕಂಡವರ ಕುಣಿತ ತೋರಿಸುತ್ತೀರಿ. ಹಿರಿಯವಳನ್ನು ತಂದುಕೊಂಡು ಅನುಭವಿಸುತ್ತಿರುವುದು ಸಾಲದೇ? ಈ ಹುಡುಗಿ ಧರ್ಮಕ್ಕೆ ಅವಮಾನವಾಗುವುದನ್ನು ಕಂಡೂ ಎದ್ದು ಬರದೆ ಕೊನೆತನಕ ಕೂತು ನೋಡಿದ್ದಾಳೆ. ಇಲ್ಲವೇ ಕಂಡದ್ದನ್ನು ಮುಚ್ಚಿ ಸುಳ್ಳು ಹೇಳುತ್ತಿದ್ದಾಳೆ. ಎರಡರಲ್ಲಿ ಯಾವುದಾದರೂ ಈ ಮನೆಗೆ ತಕ್ಕವಳಲ್ಲ. ವೀಳ್ಯವೂ ಬೇಡ, ಮದುವೆಯೂ ಬೇಡ, ಬಂದ ದಾರಿ ಹಿಡಿಯಿರಿ.

ಅಪ್ಪ ಎದ್ದು ನಿಂತು ಕೈ ಮುಗಿದರು. ನಮ್ಮ ಅಪ್ಪ ಕೈ ಮುಗಿದದ್ದನ್ನು ನಾನು ದೇವರ ಮುಂದೆ ಬಿಟ್ಟರೆ ಅಲ್ಲೇ ಕಂಡದ್ದು.

"ಊರಿಗೆಲ್ಲ ಗೊತ್ತಾಗೇತ್ರೀ ಯಜಮಾನ್ರ. ಈಗ ಮುರಿದ್ರ ಹುಡುಗೀಗೆ ಇನ್ನೊಂದ್ ಸಂಬಂಧ ಹ್ಯಾಂಗ ಬರ್ತದ?"

ರಾಜೇಶ್ವರಿ ತಲೆ ತಗ್ಗಿಸಿ ಕೂತಿದ್ದಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ಕೆಲವರಿಗೆ ಕಣ್ಣು ಮಂಜಾಗುತ್ತದಂತೆ, ನನಗೆ ಬುದ್ಧಿ ಚುರುಕಾಗುತ್ತದೆ. ನಾನು ಆ ಚಿತ್ರವನ್ನು ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತು ನೋಡಿದ್ದೆ. ಲಿಂಗ ಎಡ ಅಂಗೈಯಲ್ಲೇ ಇತ್ತು. ಹಾಗಾದರೆ ಚಿಕ್ಕಮಾವ ಸುಳ್ಳು ಹೇಳುತ್ತಿದ್ದಾರೆಯೇ? ಅದೂ ಅಲ್ಲ. ಅವರ ಸುಳ್ಳು ಸಿಟ್ಟು ನನಗೆ ಚೆನ್ನಾಗಿ ಗೊತ್ತು, ಅದು ಕೆಮ್ಮಿನ ಜೊತೆ ಬರುತ್ತದೆ. ಇದು ನಿಜವಾದ ಸಿಟ್ಟು. ಒಮ್ಮೆಯೂ ಕೆಮ್ಮಿರಲಿಲ್ಲ. ಯಾರೋ ಹೇಳಿದ್ದನ್ನು ಕೇಳಿದವರಿಗೆ ಇಂಥ ಸಿಟ್ಟು ಬರುವುದಿಲ್ಲ.

ನಾನು ದನಿ ತಗ್ಗಿಸಿ, ಅಲ್ಲ ಚಿಕ್ಕಮಾವ, ಆ ವ್ಯಾಪಾರಿ ಛತ್ರದಲ್ಲಿ ಊಟಕ್ಕೆ ಕೂರುತ್ತಾನಲ್ಲ, ಆಗ ಯಾವ ಕೈಯಲ್ಲಿ ಉಣ್ಣುತ್ತಾನಂತೆ ಎಂದು ಕೇಳಿದೆ.

"ಅದೂ ಎಡಗೈಲೇ. ಅವನೊಬ್ಬನೇ ಎಂತಕ್ಕೆ, ಆ ರಾಜ ದಾನ ಕೊಡೋದು ಎಡಗೈಲಿ, ಕತ್ತಿ ಹಿಡಿಯೋದು ಎಡಗೈಲಿ. ಇಡೀ ಪಿಕ್ಚರಲ್ಲಿ ಒಬ್ಬನಿಗೂ ಬಲಗೈ ಅನ್ನೋದೇ ಇಲ್ಲ."

ನನಗೆ ಅಷ್ಟೇ ಸಾಕಾಗಿತ್ತು.

ಶಿಕಾರಿಪುರದಲ್ಲಿ ಟೆಂಟು ಹಾಕುವ ಬಯಲಿಗೆ ಅಂಟಿಕೊಂಡು, ಪರದೆಯ ಹಿಂಬದಿಗೆ ಸರಿಯಾಗಿ, ಗಾದಿ ಹೊಲಿಯುವ ಮುಕ್ತಾರ್ ಅಹಮದ್ ಸಾಹೇಬರ ಹಿತ್ತಲಿದೆ. ಸಂಜೆ ಸೆಕೆಯೆಂದು ಟೆಂಟಿನವರು ಆ ಕಡೆಯ ಬಟ್ಟೆ ಎತ್ತಿ ಕಟ್ಟುತ್ತಿದ್ದರು. ಪರದೆ ತೆಳು, ಆಟಕ್ಕೆ ಮುಂಚೆ ಅದಕ್ಕೆ ನೀರು ಬೇರೆ ಎರಚುತ್ತಿದ್ದರು. ಹಾಗಾಗಿ ಮುಂದೆ ಬಿದ್ದ ಚಿತ್ರ ಹಿಂದೆಯೂ ಚೆನ್ನಾಗಿಯೇ ಕಾಣುತ್ತಿತ್ತು, ಎಡ ಬಲಕ್ಕೆ ತಿರುಗಿ. ಟಿಕೆಟ್ಟು ತೆಗೆದುಕೊಳ್ಳದವರು, ತೆಗೆದುಕೊಂಡದ್ದು ಯಾರಿಗೂ ಕಾಣಬಾರದು ಎನ್ನುವವರು ಸಾಹೇಬರ ಹತ್ತಿ ಮೂಟೆಗಳ ಮೇಲೆ ಕೂತು ನೋಡುತ್ತಿದ್ದರು. ನಮ್ಮೂರಲ್ಲಿ ಇದು ಎಲ್ಲರಿಗೂ ಗೊತ್ತು. ಸೊರಬದವರಿಗೆ ಹೇಗೆ ಗೊತ್ತಾಗಬೇಕು? ಮೊದಲಿಗೆ ಹೆಸರು ಬರುವಾಗಲೇ ಹೋಗಿ ಕೂತಿದ್ದರೆ, ಅಕ್ಷರ ತಿರುಗಿದ್ದು ಕಂಡು ತಿಳಿಯುತ್ತಿತ್ತು. ಕದ್ದು ನೋಡುವವರು ತಡವಾಗಿ ಹೋಗಿ ಬೇಗ ಏಳುತ್ತಾರೆ. ಚಿಕ್ಕಮಾವ ಹಬ್ಬದ ಮರುದಿನ ಎತ್ತು ನೋಡಲು ಮಗನನ್ನು ಕರೆದುಕೊಂಡು ಶಿಕಾರಿಪುರಕ್ಕೆ ಹೋಗಿದ್ದು, ಎತ್ತಿಲ್ಲದೆ ಮರಳಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಇದನ್ನೆಲ್ಲ ನಾನು ಬಾಗಿಲ ಹತ್ತಿರ ಕೂತಲ್ಲಿಂದಲೇ ಪಡಸಾಲೆಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಬಿಡಿಸಿ ಹೇಳಿದೆ. ಒಂದು ಮಾತೂ ಉಳಿಸಿಕೊಳ್ಳಲಿಲ್ಲ. ಹೇಳುವಾಗ ನನಗೆ ಸುಖವಾಗುತ್ತಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಕೊನೆಗೆ ಕೇಳಿದೆ.

"ಮುಂದೆ ಕೂತವರಿಗೆ ಅದು ಹಂಗೆ ಕಾಣೋದಿಲ್ಲ ಚಿಕ್ಕಮಾವ. ನಿಮಗೆ ಹೇಳಿದ ದೊಡ್ಡ ಮನುಷ್ಯರು ಸಾಹೇಬರ ಹಿತ್ತಲಲ್ಲಿ ಕೂತಿದ್ರು. ಯಾರವರು?"

ಚಿಕ್ಕಮಾವ ಎಲೆಅಡಿಕೆಯ ತಟ್ಟೆಗೆ ಕೈ ಹಾಕಿದರು. ಬೆನಕಪ್ಪನ ಕಿವಿಗಳು ಕೆಂಪಗಾದವು. ಯಾರಿಗೂ ಬೇರೆ ಸಾಕ್ಷಿ ಬೇಕಾಗಲಿಲ್ಲ. ನನ್ನ ಗಂಡ ತನ್ನ ಹೆಬ್ಬೆರಳಿನ ಉಗುರನ್ನು ನೋಡುತ್ತ ಕೂತ. ಅಪ್ಪನೊಬ್ಬರೇ ಪಾಪ, ಇನ್ನೂ ಕೈ ಮುಗಿದುಕೊಂಡೇ ನಿಂತಿದ್ದರು. ಮಠದವರಿಗೆ ಈ ಸುದ್ದಿ ಮುಟ್ಟಿದರೆ ಏನಾಗುತ್ತದೆಂದು ಚಿಕ್ಕಮಾವ ಲೆಕ್ಕ ಹಾಕುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಹೇಳಿದರು.

"ಆಯ್ತು. ಸೋಮವಾರ ವೀಳ್ಯ ಆಗ್ಲಿ. ಬರ್ಲಿ ಹುಡುಗಿ. ಬಂದಮೇಲೆ ನೋಡ್ಕಳನ."

ಆ ಕೊನೆಯ ಮಾತನ್ನು ಅವರು ನನ್ನನ್ನೇ ನೋಡಿ ಹೇಳಿದರು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗೆದ್ದಿದ್ದೆನಲ್ಲ. ಇನ್ನು ಮೇಲೆ ಒಲೆಯ ಮುಂದೆ ನಾವಿಬ್ಬರು, ಇವರು ಏನು ಬೇಕಾದರೂ ಅನ್ನಲಿ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅಪ್ಪ ಕಣ್ಣೊರೆಸಿಕೊಂಡು, ಸೋಮವಾರವೇ ಆಗಲಿ ಎಂದು ಕೂತರು.

ಆಗ ರಾಜೇಶ್ವರಿ ಎದ್ದು ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. ಹೆಣ್ಣು ಹಾಗೆ ಬರುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಬೇರೆ ಯಾರನ್ನೂ ನೋಡದೆ ಬೆನಕಪ್ಪನ ಎದುರು ನಿಂತಳು.

"ನೀವೂ ಅಲ್ಲೇ ಇದ್ರೇನು?"

ಅವನು ತನ್ನ ಅಪ್ಪನ ಕಡೆ ನೋಡಿದ. ಆಮೇಲೆ ಚಾಪೆಯನ್ನು ನೋಡಿಕೊಂಡು, ಇದ್ದೆ ಎಂದ.

"ನಾ ಕೂತು ನೋಡಿದ್ದು ತಪ್ಪು ಅಂತ ನಿಮ್ಮಪ್ಪ ಇಷ್ಟೊತ್ತು ಬೈದ್ರಲ್ಲ. ಅವ್ರೂ ಕೂತು ನೋಡಿದ್ದು ನಿಮಗ ಗೊತ್ತಿತ್ತು. ಯಾಕ ಸುಮ್ನಿದ್ರಿ?"

"ಅಪ್ಪಾಜಿ ಯಾರಿಗೂ ಹೇಳ್ಬೇಡ ಅಂದಿದ್ರು."

"ಮದ್ವಿ ಆದಮ್ಯಾಲೂ ಹಂಗೇ ಅಂದ್ರ?"

ಬೆನಕಪ್ಪ ಚಾಪೆಯ ಅಂಚು ಕೀಳತೊಡಗಿದ. ಅವಳು ಕಾದಳು. ನಿಜವಾಗಿಯೂ ಕಾದಳು. ಅವನು ಒಂದು ಮಾತು ಆಡಿದ್ದರೂ ಅವಳು ಇರುತ್ತಿದ್ದಳೆಂದೇ ನನಗೆ ಇವತ್ತಿಗೂ ಅನಿಸುತ್ತದೆ. ಕೊನೆಗೆ ನಮ್ಮ ಅಪ್ಪನ ಕಡೆ ತಿರುಗಿ, ನಾ ಒಲ್ಲೆ, ಬಸ್ಸಿಗೆ ಹೊತ್ತಾಗುತ್ತದೆ ಏಳಿ ಎಂದಳು.

ಅಪ್ಪ ಬೇಡಿಕೊಂಡರು, ಗದರಿದರು. ಚಿಕ್ಕಮಾವ, ಹೋಗಲಿ ಬಿಡಿ, ಎಂದು ಎದ್ದು ಅಂಗಡಿಯ ಕಡೆ ನಡೆದರು. ಬೆನಕಪ್ಪ ಅವರ ಹಿಂದೆಯೇ ಹೋದ. ನಾನು ತಂಗಿಯನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, ದುಡುಕಬೇಡ, ಅವರ ಬಾಯಿ ಇವತ್ತಿಗೆ ಮುಚ್ಚಿದೆ, ನಾನಿದ್ದೇನೆ, ನಾನು ನೋಡಿಕೊಳ್ಳುತ್ತೇನೆ ಎಂದೆ. ನನ್ನ ದನಿ ನನಗೇ ಅಪ್ಪನ ದನಿಯ ಹಾಗೆ ಕೇಳಿಸಿತು.

ಅವಳು ತನ್ನ ಸೀರೆ ಮಡಚಿ ಚೀಲಕ್ಕೆ ಹಾಕುತ್ತಿದ್ದವಳು ತಲೆ ಎತ್ತಿದಳು.

"ಅಕ್ಕ, ಇಷ್ಟೊತ್ತು ನೀ ಒಬ್ಬಾಕಿನೇ ಮಾತಾಡಿದಿ. ಭಾವ ಒಂದ್ ಮಾತರ ಆಡಿದ್ರೇನು?"

ನಾನು ಬಾಗಿಲಿನಿಂದ ಹೊರಗೆ ನೋಡಿದೆ. ಪಡಸಾಲೆಯಲ್ಲಿ ನನ್ನ ಗಂಡ ಒಬ್ಬನೇ ಇನ್ನೂ ಕೂತಿದ್ದ, ಇವರು ಮಾತಾಡುವುದು ಮುಗಿದರೆ ಮಲಗೋಣ ಎನ್ನುವವನ ಹಾಗೆ.

ಅವಳು ಕಾಲಿಗೆ ನಮಸ್ಕಾರ ಮಾಡಿ ಹೊರಟಳು. ನಾನು ಬಾಗಿಲ ತನಕ ಹೋದೆ. ಊರಲ್ಲಿ ಅವಳನ್ನು ಏನೇನು ಅನ್ನಬಹುದೋ ಅದೆಲ್ಲ ಅವಳಿಗೆ ಗೊತ್ತಿತ್ತು, ಆದರೂ ಅವಳ ನಡಿಗೆ ಬಿರುಸಾಗಿತ್ತು. ಅಪ್ಪನೇ ಹಿಂದೆ ಬಿದ್ದಿದ್ದರು. ನನಗೆ ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಹೊಟ್ಟೆಕಿಚ್ಚು ಬಂತು. ಅವಳಿಗೆ ಹೋಗುವುದಕ್ಕೆ ಬಸ್ಸಿತ್ತು.

ದೀಪ ಹಚ್ಚುವ ಹೊತ್ತಿಗೆ ಚಿಕ್ಕಮಾವ ಅಂಗಡಿಯಿಂದ ಬಂದು ಕೈಕಾಲು ತೊಳೆದು ಎಲೆಯ ಮುಂದೆ ಕೂತರು. ಪಕ್ಕದಲ್ಲಿ ಬೆನಕಪ್ಪ, ಅವನ ಪಕ್ಕದಲ್ಲಿ ನನ್ನ ಗಂಡ. ನಾನು ಅನ್ನ ತಂದು ಬಡಿಸಿದೆ. ಸಾರಿಗೆ ಖಾರ ಹೆಚ್ಚಾಗಿದೆ ಎಂದರು ಚಿಕ್ಕಮಾವ. ನನ್ನ ಗಂಡ ಹೌದೆಂದು ತಲೆಯಾಡಿಸಿದ.